ಗ್ಲುಟನ್ ಇಲ್ಲದ ಬ್ರೆಡ್‌ಗೆ ನಾರು ಸೇರಿಸುವುದು: ಯಾವುದು, ಎಷ್ಟು, ಯಾಕೆ

ಗ್ಲುಟನ್ (ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್) ಇಲ್ಲದ ಬ್ರೆಡ್ಡಿನ ಪೊಟ್ಟಣ ಕೈಗೆ ಸಿಕ್ಕರೆ ಮೊದಲು ಅದರ ಹಿಂಬದಿ ಓದಿ. ಬಿಳಿ ಅಕ್ಕಿ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಆಲೂಗಡ್ಡೆ ಪಿಷ್ಟ, ಮರಗೆಣಸಿನ ಪಿಷ್ಟ. ಆಮೇಲೆ ಎಣ್ಣೆ, ಸಕ್ಕರೆ, ಯೀಸ್ಟ್, ಉಪ್ಪು, ಒಂದೆರಡು ಅಂಟು ಪದಾರ್ಥ. ಹೆಚ್ಚಿನ ಪೊಟ್ಟಣಗಳಲ್ಲಿ ಪಟ್ಟಿ ಹೀಗೇ ಇರುತ್ತದೆ. ಮೊದಲ ನಾಲ್ಕು ಹೆಸರು ಬೇರೆ ಬೇರೆ ಇದ್ದರೂ ವಸ್ತು ಹೆಚ್ಚುಕಮ್ಮಿ ಒಂದೇ, ಪಿಷ್ಟ. ಧಾನ್ಯದ ಹೊಟ್ಟು ಇಲ್ಲ, ಮೊಳಕೆಯ ಭಾಗ ಇಲ್ಲ. ಅವುಗಳ ಜೊತೆ ಹೋಗುವ ನಾರು, ಕಬ್ಬಿಣ, ಬಿ ವಿಟಮಿನ್‌ಗಳೂ ಇಲ್ಲ.

ಗ್ಲುಟನ್ ಇಲ್ಲ ಅಂದ ಮಾತ್ರಕ್ಕೆ ಅದು ಆರೋಗ್ಯಕ್ಕೆ ಜಾಸ್ತಿ ಒಳ್ಳೆಯದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಸೀಲಿಯಾಕ್ ಕಾಯಿಲೆ ಇರುವವರಿಗೆ ಅದು ಬೇಕೇ ಬೇಕು, ಬೇರೆ ದಾರಿಯಿಲ್ಲ. ಉಳಿದವರಿಗೆ ಅದು ಸುಮ್ನೆ ಇನ್ನೊಂದು ಬಿಳಿ ಬ್ರೆಡ್ ಅಷ್ಟೇ, ಅದೂ ಹಲವು ಸಲ ಮಾಮೂಲಿ ಬ್ರೆಡ್ಡಿಗಿಂತ ಪೌಷ್ಟಿಕತೆಯಲ್ಲಿ ಒಂದು ಮೆಟ್ಟಿಲು ಕೆಳಗೆ.

ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಸೀಲಿಯಾಕ್ ಇದೆ. ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟನ್ ಹೊಟ್ಟೆಗೆ ಹೋದರೆ ಅವರ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರದ ಮೇಲೇ ತಿರುಗಿ ಬೀಳುತ್ತದೆ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ಗಟ್ಟಿಯಾಗಿ ತೋರಿಸಿದವರು ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ, 1950ರ ತಮ್ಮ ಪ್ರಬಂಧದಲ್ಲಿ. ಇವತ್ತಿಗೂ ಇದಕ್ಕಿರುವ ಚಿಕಿತ್ಸೆ ಒಂದೇ, ಜೀವನಪೂರ್ತಿ ಗ್ಲುಟನ್ ಬಿಡುವುದು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಒಂದು ಕಿಲೋ ಆಹಾರದಲ್ಲಿ ಗ್ಲುಟನ್ 20 ಮಿಲಿಗ್ರಾಂ ದಾಟದಿದ್ದರೆ ಅದನ್ನು ‘ಗ್ಲುಟನ್ ರಹಿತ’ ಅನ್ನಬಹುದು. ಗಮನಿಸಿ, ಈ ಮಿತಿ ಗ್ಲುಟನ್ ಎಷ್ಟು ಇರಬಾರದು ಅಂತ ಮಾತ್ರ ಹೇಳುತ್ತದೆ. ನಾರು ಎಷ್ಟು ಇರಬೇಕು ಅನ್ನುವುದು ಬ್ರೆಡ್ ಮಾಡುವವರಿಗೆ ಬಿಟ್ಟದ್ದು. ವರ್ಷಗಟ್ಟಲೆ ದಿನಾ ಇದನ್ನೇ ತಿನ್ನಬೇಕಾದವರಿಗೆ ಇದು ಸಣ್ಣ ವಿಷಯವಲ್ಲ.

ಗ್ಲುಟನ್ ಮಾಡುತ್ತಿದ್ದ ಕೆಲಸ

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದಾಗ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನ್ ಗುಂಪುಗಳು ಸೇರಿ ಹಿಗ್ಗುವ ಜಾಲವಾಗುತ್ತವೆ. ಯೀಸ್ಟ್ ಬಿಡುವ ಗಾಳಿಯನ್ನು ಈ ಜಾಲ ಬಲೂನಿನ ರಬ್ಬರಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಓವನ್ನಿನ ಬಿಸಿಗೆ ಜಾಲ ಗಟ್ಟಿಯಾಗುತ್ತದೆ, ಪಿಷ್ಟ ಬೆಂದು ಸುತ್ತ ಕೂರುತ್ತದೆ, ಬ್ರೆಡ್ ಉಬ್ಬಿದ್ದು ಉಬ್ಬಿದಂತೆಯೇ ನಿಲ್ಲುತ್ತದೆ.

ಅಕ್ಕಿ ಹಿಟ್ಟಿನಲ್ಲಿ ಇಂಥ ಜಾಲ ಆಗುವುದಿಲ್ಲ. ನೀರು ಹಾಕಿದರೆ ಸುರಿಯುವ ಹದದ ಹಿಟ್ಟಾಗುತ್ತದೆಯೇ ಹೊರತು ಎಳೆದರೆ ಹಿಗ್ಗುವ ಮುದ್ದೆಯಾಗುವುದಿಲ್ಲ. ಗಾಳಿಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ. ಬೇಯಿಸಿದರೆ ಇಟ್ಟಿಗೆ. ಅದಕ್ಕೇ ತಯಾರಕರು ಕ್ಸಾಂಥಾನ್ ಗಮ್ ಅಥವಾ ಎಚ್‌ಪಿಎಂಸಿ ಹಾಕುತ್ತಾರೆ. ಕ್ಸಾಂಥಾನ್ ಒಂದು ಬ್ಯಾಕ್ಟೀರಿಯಾ ತಯಾರಿಸುವ ಅಂಟು. ಎಚ್‌ಪಿಎಂಸಿ ಅಂದರೆ ಗಿಡದ ಸೆಲ್ಯುಲೋಸನ್ನು ರಾಸಾಯನಿಕವಾಗಿ ಮಾರ್ಪಡಿಸಿದ್ದು. ಇದರದ್ದು ವಿಚಿತ್ರ ಗುಣ. ಬಿಸಿಯಾದಾಗ ಗಟ್ಟಿ, ತಣ್ಣಗಾದಾಗ ಮತ್ತೆ ಸಡಿಲ. ಓವನ್ನಿನಲ್ಲಿ ಪಿಷ್ಟ ಬೆಂದು ಗಟ್ಟಿಯಾಗುವವರೆಗೂ ಗುಳ್ಳೆಗಳನ್ನು ಹಿಡಿದಿಡಲು ಇದು ಹೇಳಿ ಮಾಡಿಸಿದಂತಿದೆ.

ಮೃದುವಾದ ಬಿಳಿ ಬ್ರೆಡ್ ಬೇಕು ಅಂದರೆ ಶುದ್ಧ ಪಿಷ್ಟ ಮತ್ತು ಇಂಥ ಅಂಟಿನ ಜೋಡಿ ಸಾಕು. ಪಿಷ್ಟ ಅಗ್ಗ, ಬಿಳಿ, ರುಚಿಯಲ್ಲಿ ತಟಸ್ಥ. ಹಾಗಾಗಿ ತಯಾರಕರು ಅದರ ಮೊರೆಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಂಥ ಬ್ರೆಡ್ಡಿನಲ್ಲಿ ನಾರು ಕಡಿಮೆ, ಪ್ರೋಟೀನ್ ಕಡಿಮೆ. ಪಿಷ್ಟ ಬೇಗ ಜೀರ್ಣವಾಗಿ ರಕ್ತದ ಸಕ್ಕರೆ ಜೋರಾಗಿ ಏರುತ್ತದೆ. ಒಂದೆರಡು ದಿನದಲ್ಲೇ ಬ್ರೆಡ್ ಗಟ್ಟಿಯಾಗಿ ಪುಡಿಪುಡಿಯಾಗುತ್ತದೆ. ಗ್ಲುಟನ್ ಬಿಟ್ಟ ಮೇಲೆ ಮಲಬದ್ಧತೆ ಶುರುವಾಯಿತು ಅಂತ ದೂರುವವರು ಎಷ್ಟೋ ಜನ. ಅವರ ತಟ್ಟೆಯಿಂದ ಗೋಧಿಯ ಜೊತೆ ಗೋಧಿಯ ಹೊಟ್ಟೂ ಹೋಗಿರುತ್ತದೆ, ಅದರ ಜಾಗಕ್ಕೆ ಏನೂ ಬಂದಿರುವುದಿಲ್ಲ.

ನಾರು ಅಂದರೆ ಒಂದೇ ವಸ್ತುವಲ್ಲ

ಹಾಗಾದರೆ ನಾರು ಸೇರಿಸಿದರಾಯಿತು, ಅಲ್ವಾ? ಸೇರಿಸಬಹುದು. ಆದರೆ ಯಾವ ನಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಲೇಬಲ್ಲಿನಲ್ಲಿ ‘ನಾರಿನಂಶ’ ಅಂತ ಒಂದೇ ಸಾಲಿನಲ್ಲಿ ಬರೆಯುವ ಪದಾರ್ಥಗಳು ನೀರಿನಲ್ಲಿ ಒಂದೊಂದು ರೀತಿ ವರ್ತಿಸುತ್ತವೆ, ಕರುಳಿನಲ್ಲಿ ಇನ್ನೊಂದು ರೀತಿ. ನಮ್ಮ ಸಣ್ಣ ಕರುಳು ಅರಗಿಸಲಾರದ, ದೊಡ್ಡ ಕರುಳಿನವರೆಗೂ ಹೋಗಿ ಮುಟ್ಟುವ ಕಾರ್ಬೋಹೈಡ್ರೇಟ್‌ಗಳಿಗೆಲ್ಲ ಒಟ್ಟಾಗಿ ಇಟ್ಟ ಹೆಸರು ಅದು.

ನಾನು ಅವುಗಳನ್ನು ಮೂರು ಪ್ರಶ್ನೆ ಕೇಳಿ ಅಳೆಯುತ್ತೇನೆ. ನೀರು ಕುಡಿದು ಲೋಳೆಯಾಗುತ್ತದೆಯೇ? ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆಯೇ? ಬ್ರೆಡ್ಡಿನ ಗುಳ್ಳೆಗಳಿಗೆ ಆಸರೆಯಾಗುತ್ತದೋ ಅಥವಾ ಅವನ್ನು ಒಡೆಯುತ್ತದೋ? ಮೂರಕ್ಕೂ ಒಳ್ಳೆಯ ಉತ್ತರ ಕೊಡುವ ಒಂದೇ ನಾರು ಇಲ್ಲ. ಅದಕ್ಕೇ ಒಳ್ಳೆಯ ಬ್ರೆಡ್ಡಿನಲ್ಲಿ ಎರಡು ಮೂರು ಬಗೆಯ ನಾರು ಇರುತ್ತದೆ.

ಮೊದಲ ಪ್ರಶ್ನೆಗೆ ಜೋರಾಗಿ ಹೌದು ಅನ್ನುವುದು ಇಸಬ್‌ಗೋಲ್ ಹೊಟ್ಟು. ಒಂದು ಚಮಚ ಹೊಟ್ಟನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ ಬಿಟ್ಟುನೋಡಿ. ಮೊದಲು ಚೂರುಗಳು ತೇಲುತ್ತವೆ. ಕೆಲವೇ ನಿಮಿಷದಲ್ಲಿ ನೀರು ಮಂದವಾಗುತ್ತದೆ. ಇನ್ನಷ್ಟು ಹೊತ್ತು ಬಿಟ್ಟರೆ ಚಮಚ ಎತ್ತಿದಾಗ ಲೋಳೆ ಜೊತೆಗೇ ಎದ್ದು ಬರುತ್ತದೆ. ತನ್ನ ತೂಕದ ಹತ್ತು ಪಟ್ಟಿಗಿಂತ ಹೆಚ್ಚು ನೀರನ್ನು ಅದು ಹಿಡಿದಿಡಬಲ್ಲದು. ಅದರಲ್ಲಿರುವುದು ಮುಖ್ಯವಾಗಿ ಅರಾಬಿನೊಕ್ಸೈಲಾನ್ ಎಂಬ ಕವಲು ಕವಲಾದ ಉದ್ದ ಸರಪಳಿ. ಈ ಲೋಳೆಗೆ ಸ್ವಲ್ಪ ಹಿಗ್ಗುವ ಗುಣ ಇದೆ. ಅಕ್ಕಿ ಹಿಟ್ಟಿಗೆ ಇದನ್ನು ಸೇರಿಸಿದರೆ ಸುರಿಯುವ ಹಿಟ್ಟು ಕೈಯಲ್ಲಿ ಹಿಡಿದು ಉಂಡೆ ಮಾಡುವ ಹದಕ್ಕೆ ಬರುತ್ತದೆ. ಗ್ಲುಟನ್ನಿನಷ್ಟು ಬಲ ಇಲ್ಲ, ಆದರೆ ಗುಳ್ಳೆ ಹಿಡಿಯುವಷ್ಟು ಬಲ ಇದೆ. ಅಂಟಿನ ಕೆಲಸವನ್ನೂ ನಾರಿನ ಕೆಲಸವನ್ನೂ ಇದೊಂದೇ ಮಾಡುತ್ತದೆ. ನನ್ನನ್ನು ಕೇಳಿದರೆ, ಒಂದೇ ಒಂದು ನಾರು ಆರಿಸಿಕೊಳ್ಳಿ ಅಂದಾಗ ಇದಕ್ಕೇ ನನ್ನ ಮತ.

ಹೊಟ್ಟೆಯೊಳಗೂ ಇದರ ನಡವಳಿಕೆ ಹೀಗೆಯೇ. ಬ್ಯಾಕ್ಟೀರಿಯಾಗಳು ಇದನ್ನು ಪೂರ್ತಿ ತಿಂದು ಮುಗಿಸುವುದಿಲ್ಲ. ನೀರು ಹಿಡಿದುಕೊಂಡೇ ಕೊನೆಯವರೆಗೂ ಹೋಗುತ್ತದೆ, ಮಲ ಮೃದುವಾಗುತ್ತದೆ. ಇದು ಕೊಲೆಸ್ಟರಾಲ್ ತಗ್ಗಿಸಲು ನೆರವಾಗುತ್ತದೆ ಎಂಬ ಹೇಳಿಕೆಯನ್ನು ಲೇಬಲ್ಲಿನಲ್ಲಿ ಹಾಕಲು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲೇ ಒಪ್ಪಿಗೆ ಕೊಟ್ಟಿತು. ಅದಕ್ಕೆ ದಿನಕ್ಕೆ 7 ಗ್ರಾಂ ಕರಗುವ ಇಸಬ್‌ಗೋಲ್ ನಾರು ಬೇಕು.

ಇದಕ್ಕೂ ತನ್ನದೇ ರಗಳೆಗಳಿವೆ. ಜಾಸ್ತಿ ಹಾಕಿ ನೀರು ಹೆಚ್ಚಿಸದಿದ್ದರೆ ಬ್ರೆಡ್ ಉಬ್ಬುವುದೇ ಇಲ್ಲ, ಯೀಸ್ಟಿಗೆ ತಳ್ಳಲು ಆಗದಷ್ಟು ಹಿಟ್ಟು ಬಿಗಿಯಾಗುತ್ತದೆ. ಬೇಯುವುದು ಸಾಲದಿದ್ದರೆ ಒಳಗೆ ಅಂಟಂಟು. ಕೆಲವು ಬ್ರ್ಯಾಂಡಿನ ಪುಡಿ ಬ್ರೆಡ್ಡಿನ ಒಳಭಾಗವನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ. ತಿನ್ನಲು ತೊಂದರೆ ಇಲ್ಲ, ನೋಡಲು ಮಾತ್ರ ಚೆನ್ನಾಗಿರುವುದಿಲ್ಲ. ಬ್ರೆಡ್ಡಿನ ಒಳಗಿನ ಶಾಖ 96ರಿಂದ 98 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಿ, ಪೂರ್ತಿ ತಣ್ಣಗಾದ ಮೇಲೆ ಕತ್ತರಿಸಿದರೆ ಅಂಟುವುದು ಬಹಳ ಕಡಿಮೆಯಾಗುತ್ತದೆ.

ಇನುಲಿನ್ ಎಂಬ ನಾರಿನದು ಇನ್ನೊಂದು ದಾರಿ. ಚಿಕೋರಿ ಬೇರಿನಿಂದ ತೆಗೆಯುವ ಇದು ನೀರಿನಲ್ಲಿ ಕರಗುತ್ತದೆ, ಆದರೆ ಲೋಳೆಯಾಗುವುದಿಲ್ಲ. ರುಚಿಯಲ್ಲಿ ತುಸು ಸಿಹಿ. ಬ್ರೆಡ್ಡಿನ ಹೊರಪದರಕ್ಕೆ ಒಳ್ಳೆಯ ಕಂದು ಬಣ್ಣ ಕೊಡುತ್ತದೆ. ಗ್ಲುಟನ್ ಇಲ್ಲದ ಬ್ರೆಡ್ ಸಾಮಾನ್ಯವಾಗಿ ಬಿಳಿಚಿಕೊಂಡಿರುವುದರಿಂದ ಇದು ಸಣ್ಣ ಲಾಭವಲ್ಲ. ಕರುಳಿನ ಬ್ಯಾಕ್ಟೀರಿಯಾಗಳಿಗಂತೂ ಇದು ಭರ್ಜರಿ ಊಟ. ಅವು ಇದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನ ಆಮ್ಲಗಳನ್ನು ಬಿಡುತ್ತವೆ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ಅದರಿಂದಲೇ ಶಕ್ತಿ ಪಡೆಯುತ್ತವೆ.

ತಮಾಷೆ ಏನೆಂದರೆ, ನಮಗಿಂತ ಮೊದಲು ಯೀಸ್ಟೇ ಇದಕ್ಕೆ ಬಾಯಿ ಹಾಕುತ್ತದೆ. ಯೀಸ್ಟಿನ ಇನ್ವರ್ಟೇಸ್ ಎಂಬ ಕಿಣ್ವ ಇನುಲಿನ್‌ನ ಗಿಡ್ಡ ಸರಪಳಿಗಳನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಹಾಗಾಗಿ ಹಿಟ್ಟಿಗೆ ಹಾಕಿದಷ್ಟು ಇನುಲಿನ್ ಬೆಂದ ಬ್ರೆಡ್ಡಿನಲ್ಲಿ ಉಳಿಯುವುದಿಲ್ಲ. ಉದ್ದ ಸರಪಳಿಯ ಇನುಲಿನ್ ಆದರೆ ನಷ್ಟ ಕಡಿಮೆ. ಇದರ ಅಳತೆಯಲ್ಲೂ ಒಂದು ಕಥೆ ಇದೆ. 1980ರ ದಶಕದಲ್ಲಿ ಬಂದ ಪ್ರಯೋಗಾಲಯದ ವಿಧಾನ ಆಲ್ಕೋಹಾಲ್ ಹಾಕಿ ತಳಕ್ಕೆ ಕೂತದ್ದನ್ನಷ್ಟೇ ನಾರು ಅಂತ ಲೆಕ್ಕ ಹಿಡಿಯುತ್ತಿತ್ತು. ಇನುಲಿನ್‌ನ ದೊಡ್ಡ ಪಾಲು ತಳಕ್ಕೆ ಕೂರುವುದೇ ಇಲ್ಲ. ಅದನ್ನೂ ಸೇರಿಸಿ ಅಳೆಯುವ ವಿಧಾನಗಳು ಬಂದದ್ದು ಆಮೇಲೆ. ಲೇಬಲ್ಲಿನ ನಿಯಮವೂ ತಡವಾಗಿಯೇ ಬಂತು. ಹೊರಗಿನಿಂದ ಸೇರಿಸಿದ ನಾರಿನಿಂದ ದೇಹಕ್ಕೆ ಲಾಭ ಇದೆ ಅಂತ ತೋರಿಸಿದರೆ ಮಾತ್ರ ಅದನ್ನು ನಾರು ಅನ್ನಬಹುದು ಅಂತ ಎಫ್‌ಡಿಎ 2016ರಲ್ಲಿ ನಿಯಮ ಮಾಡಿತು. ಇಸಬ್‌ಗೋಲ್, ಎಚ್‌ಪಿಎಂಸಿ ಆಗಲೇ ಪಟ್ಟಿಯಲ್ಲಿದ್ದವು. ಇನುಲಿನ್‌ಗೆ ಜಾಗ ಸಿಕ್ಕಿದ್ದು 2018ರಲ್ಲಿ.

ಓಟ್ಸ್‌ನಲ್ಲಿರುವ ಬೀಟಾ-ಗ್ಲುಕಾನ್ ಎಂಬ ನಾರು ಲೋಳೆಯೂ ಆಗುತ್ತದೆ, ಬ್ಯಾಕ್ಟೀರಿಯಾಗಳಿಗೂ ಇಷ್ಟ. ಆದರೆ ಓಟ್ಸ್ ಅಂದ ಕೂಡಲೇ ಎಚ್ಚರ ಬೇಕು. ಹೊಲದಲ್ಲೋ ಗಿರಣಿಯಲ್ಲೋ ಗೋಧಿ, ಬಾರ್ಲಿ ಬೆರೆತಿರುವ ಸಾಧ್ಯತೆ ಜಾಸ್ತಿ. ಗ್ಲುಟನ್ ರಹಿತ ಎಂದು ಪರೀಕ್ಷಿಸಿದ ಓಟ್ಸನ್ನೇ ಕೊಳ್ಳಬೇಕು. ಅದನ್ನೂ ತಡೆದುಕೊಳ್ಳಲಾಗದ ಕೆಲವೇ ಕೆಲವು ಸೀಲಿಯಾಕ್ ರೋಗಿಗಳಿದ್ದಾರೆ.

ಇನ್ನು ಕರಗದ ನಾರುಗಳು. ಸೆಲ್ಯುಲೋಸ್, ಬಿದಿರಿನ ನಾರು, ಬಟಾಣಿ ಸಿಪ್ಪೆ, ಸೇಬಿನ ರಸ ಹಿಂಡಿ ಉಳಿದ ಸಿಪ್ಪೆ-ತಿರುಳಿನ ಪುಡಿ ಇತ್ಯಾದಿ. ಇವು ಲೇಬಲ್ಲಿನ ಅಂಕಿಯನ್ನು ಸುಲಭವಾಗಿ ಏರಿಸುತ್ತವೆ. ಬ್ರೆಡ್ಡಿನ ವಿಷಯದಲ್ಲಿ ಇಲ್ಲಿ ಮುಖ್ಯವಾಗುವುದು ಚೂರಿನ ಗಾತ್ರ. ಗುಳ್ಳೆಯ ಗೋಡೆ ಬಹಳ ತೆಳು. ದಪ್ಪ ಚೂರು ಗೋಡೆಯ ನಡುವೆ ಸಿಕ್ಕಿಕೊಂಡರೆ ಅಲ್ಲಿಂದಲೇ ಅದು ಹರಿಯುತ್ತದೆ, ಗಾಳಿ ಸೋರಿ ಬ್ರೆಡ್ ಕುಗ್ಗುತ್ತದೆ. ನುಣ್ಣಗೆ ಅರೆದದ್ದಾದರೆ ಅಷ್ಟು ಹಾನಿ ಇಲ್ಲ. ನಾರು ಹಾಕಿದರೆ ಬ್ರೆಡ್ ಉಬ್ಬಲ್ಲ ಅನ್ನುವ ಮಾತು ಮುಖ್ಯವಾಗಿ ದಪ್ಪ ಹೊಟ್ಟಿನಿಂದ ಬಂದದ್ದು. ಅರಗದ ಪಿಷ್ಟ ಅಂತಲೂ ಒಂದಿದೆ. ಬಿಳಿ, ರುಚಿಯಿಲ್ಲ, ಹಿಟ್ಟಿನ ಹದವನ್ನು ಹೆಚ್ಚು ಕೆಡಿಸುವುದಿಲ್ಲ. ಗೊತ್ತಾಗದಂತೆ ನಾರು ಸೇರಿಸಲು ಕಾರ್ಖಾನೆಗಳಿಗೆ ಇದು ಇಷ್ಟ.

ಲೆಕ್ಕ ಹಾಕಿದರೆ ಏನು ಸಿಗುತ್ತದೆ

ಯುರೋಪಿನ ನಿಯಮದಲ್ಲಿ 100 ಗ್ರಾಂ ಆಹಾರದಲ್ಲಿ 3 ಗ್ರಾಂ ನಾರು ಇದ್ದರೆ ‘ನಾರಿನ ಮೂಲ’ ಅನ್ನಬಹುದು, 6 ಗ್ರಾಂ ಇದ್ದರೆ ‘ಹೆಚ್ಚು ನಾರು’. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಗೆರೆಗಳನ್ನು ಮುಟ್ಟುವುದು ಎಷ್ಟು ಕಷ್ಟ ಅಂತ ಒಂದು ಬ್ರೆಡ್ ಇಟ್ಟುಕೊಂಡೇ ನೋಡೋಣ.

300 ಗ್ರಾಂ ಬಿಳಿ ಅಕ್ಕಿ ಹಿಟ್ಟು, 200 ಗ್ರಾಂ ಪಿಷ್ಟ, 500 ಗ್ರಾಂ ನೀರು, ಎಣ್ಣೆ-ಉಪ್ಪು-ಸಕ್ಕರೆ-ಯೀಸ್ಟ್ ಎಲ್ಲ ಸೇರಿ 40 ಗ್ರಾಂ. ಅಕ್ಕಿ ಹಿಟ್ಟಿನಲ್ಲಿ ನಾರು ನೂರಕ್ಕೆ 2.4 ಗ್ರಾಂ, ಪಿಷ್ಟದಲ್ಲಿ ಹೆಚ್ಚೆಂದರೆ 1 ಗ್ರಾಂ. ಒಟ್ಟು ನಾರು 9 ಗ್ರಾಂ. ಬೇಯುವಾಗ ನೂರಕ್ಕೆ 12ರಷ್ಟು ತೂಕ ಆವಿಯಾಯಿತು ಅಂದುಕೊಂಡರೆ ಬ್ರೆಡ್ ಸುಮಾರು 915 ಗ್ರಾಂ. ಅಂದರೆ 100 ಗ್ರಾಂ ಬ್ರೆಡ್ಡಿನಲ್ಲಿ ನಾರು ಬರೀ 1 ಗ್ರಾಂ.

ಈಗ ಅರ್ಧ ಅಕ್ಕಿ ಹಿಟ್ಟು ತೆಗೆದು 150 ಗ್ರಾಂ ಇಡೀ ಕಾಳಿನ ಬಕ್‌ವೀಟ್ ಹಿಟ್ಟು ಹಾಕೋಣ. ಹೆಸರಿನಲ್ಲಿ ವೀಟ್ ಇದ್ದರೂ ಇದಕ್ಕೂ ಗೋಧಿಗೂ ಸಂಬಂಧವಿಲ್ಲ, ಗ್ಲುಟನ್ನೂ ಇಲ್ಲ. ನಾರು ನೂರಕ್ಕೆ ಸುಮಾರು 10 ಗ್ರಾಂ. ಬ್ರೆಡ್ಡಿನ ಅಂಕಿ 2.2ಕ್ಕೆ ಏರುತ್ತದೆ. ಮುಂದೆ 25 ಗ್ರಾಂ ಇಸಬ್‌ಗೋಲ್ ಸೇರಿಸಿದರೆ 20 ಗ್ರಾಂ ನಾರು ಬಂದಂತೆ. ಒಟ್ಟು ನಾರು ಒಂದೇ ಏಟಿಗೆ ಎರಡರಷ್ಟಾಯಿತು. ಹಾಗಾದರೆ ಅಂಕಿ 4.4 ಆಗಬೇಕಲ್ಲ? ಆಗುವುದಿಲ್ಲ. ಇಸಬ್‌ಗೋಲಿಗೆ 100 ಗ್ರಾಂ ಹೆಚ್ಚು ನೀರು ಬೇಕು, ಅದನ್ನು ಅದು ಬಿಡುವುದೂ ಇಲ್ಲ. ಬ್ರೆಡ್ಡಿನ ತೂಕವೂ ಏರಿ ಅಂಕಿ 3.9ಕ್ಕೆ ನಿಲ್ಲುತ್ತದೆ. 50 ಗ್ರಾಂ ಅಗಸೆ ಬೀಜದ ಪುಡಿ, ಅದಕ್ಕೆ ಬೇಕಾದ ಇನ್ನೊಂದು 50 ಗ್ರಾಂ ನೀರು ಹಾಕಿದರೆ 4.8. ಮೇಲೆ 20 ಗ್ರಾಂ ಇನುಲಿನ್ ಹಾಕಿದರೆ ಲೆಕ್ಕದಲ್ಲಿ 6 ದಾಟುತ್ತದೆ. ಯೀಸ್ಟ್ ಎಷ್ಟು ತಿಂದಿತು ಅನ್ನುವುದರ ಮೇಲೆ, ನಿಜಕ್ಕೂ ದಾಟಬಹುದು ಅಥವಾ ಗೆರೆಯ ಹತ್ತಿರ ನಿಲ್ಲಬಹುದು.

ಇಷ್ಟೆಲ್ಲ ಮಾಡಿದ ಮೇಲೂ 40 ಗ್ರಾಮಿನ ಎರಡು ಹೋಳಿನಿಂದ ಸಿಗುವುದು 5 ಗ್ರಾಮಿನ ಆಸುಪಾಸು. ಮೊದಲಿನ ಬ್ರೆಡ್ಡಿನಲ್ಲಿ 1 ಗ್ರಾಮೂ ಸಿಗುತ್ತಿರಲಿಲ್ಲ. ವ್ಯತ್ಯಾಸ ದೊಡ್ಡದೇ. ಆದರೆ ದಿನದ ಉಳಿದ 20 ಗ್ರಾಂ ಕಾಳು, ತರಕಾರಿ, ಹಣ್ಣಿನಿಂದಲೇ ಬರಬೇಕು.

ನೀರು ಹೆಚ್ಚಿದ್ದರಿಂದ ಇನ್ನೊಂದು ಉಪಕಾರವೂ ಆಗುತ್ತದೆ. ಬೆಂದ ಪಿಷ್ಟ ತಣ್ಣಗಾದ ಮೇಲೆ ನಿಧಾನವಾಗಿ ಮತ್ತೆ ಹರಳುಗಟ್ಟುತ್ತದೆ, ಬ್ರೆಡ್ ಗಟ್ಟಿಯಾಗುವುದು ಮುಖ್ಯವಾಗಿ ಇದರಿಂದ. ಲೋಳೆಯಾಗುವ ನಾರು ನೀರು ಹಿಡಿದಿಟ್ಟುಕೊಂಡರೆ ಬ್ರೆಡ್ ಜಾಸ್ತಿ ದಿನ ಮೆತ್ತಗಿರುತ್ತದೆ.

ಹಿಟ್ಟನ್ನೇ ಬದಲಿಸುವುದೋ, ಪಿಷ್ಟದ ಬ್ರೆಡ್ಡಿಗೆ ನಾರಿನ ಪುಡಿ ಸೇರಿಸುವುದೋ? ಅಂಕಿ ಎರಡರಲ್ಲೂ ಒಂದೇ ಬರಬಹುದು, ಆದರೆ ಬ್ರೆಡ್ ಒಂದೇ ಆಗುವುದಿಲ್ಲ. ಸೆಲ್ಯುಲೋಸ್ ಪುಡಿಯಲ್ಲಿ ಸೆಲ್ಯುಲೋಸ್ ಮಾತ್ರ ಇರುತ್ತದೆ. ಬಕ್‌ವೀಟ್, ಕ್ವಿನೋವಾ, ರಾಜಗಿರಿ, ಜೋಳ, ಕಡಲೆ ಹಿಟ್ಟಿನಲ್ಲಿ ನಾರಿನ ಜೊತೆ ಪ್ರೋಟೀನ್, ಮೆಗ್ನೀಸಿಯಂ, ಕಬ್ಬಿಣ, ಫೋಲೇಟ್ ಕೂಡ ಬರುತ್ತವೆ. ಕರುಳು ಕೆಟ್ಟಿದ್ದರಿಂದ ಕಬ್ಬಿಣ, ಫೋಲೇಟ್ ಕೊರತೆ ಮೊದಲೇ ಆಗಿರುವ ಸೀಲಿಯಾಕ್ ರೋಗಿಗೆ ಇದು ಬಹಳ ಮುಖ್ಯ. ಹಾಗಾಗಿ ಮೊದಲು ಹಿಟ್ಟು, ಆಮೇಲೆ ಪುಡಿ ಅನ್ನುವುದು ನನ್ನ ನಿಲುವು. ಪುಡಿ ಕೆಟ್ಟದ್ದೇನಲ್ಲ, ಅದು ಬ್ರೆಡ್ಡಿನ ಮೈಕಟ್ಟಿಗೆ ಬೇಕು. ಪೋಷಣೆಯ ಭಾರವನ್ನೆಲ್ಲ ಅದರ ಮೇಲೆ ಹೊರಿಸಬಾರದು.

ಇಡೀ ಕಾಳಿನ ಹಿಟ್ಟಿನಲ್ಲಿ ಒಂದು ತೊಡಕಿದೆ. ಹೊಟ್ಟಿನ ಜೊತೆ ಫೈಟೇಟ್ ಬರುತ್ತದೆ, ಅದು ಕಬ್ಬಿಣ, ಸತುವನ್ನು ಹಿಡಿದುಕೊಂಡು ದೇಹಕ್ಕೆ ಬಿಟ್ಟುಕೊಡುವುದಿಲ್ಲ. ಇದಕ್ಕೆ ಹಳೆಯ ಉಪಾಯವೇ ಪರಿಹಾರ, ಹುಳಿ ಹಿಟ್ಟಿನ ಹುದುಗು. ಹುಳಿ ಏರಿದಾಗ ಧಾನ್ಯದಲ್ಲೇ ಇರುವ ಫೈಟೇಸ್ ಕಿಣ್ವ ಚುರುಕಾಗಿ ಫೈಟೇಟನ್ನು ಒಡೆಯುತ್ತದೆ. ಬಕ್‌ವೀಟ್‌ನ ಮಣ್ಣುಗಂಪು, ಕಡಲೆ ಹಿಟ್ಟಿನ ಹಸಿ ವಾಸನೆಯೂ ಹುಳಿಯಲ್ಲಿ ಸ್ವಲ್ಪ ಅಡಗುತ್ತದೆ.

ಸಕ್ಕರೆ, ಗ್ಯಾಸು, ನೀರು

ನಾರು ಸೇರಿಸಿದ ಬ್ರೆಡ್ ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲ ಅಂತ ಮಾರುವವರಿದ್ದಾರೆ. ಇದನ್ನು ಅರ್ಧ ನಂಬಿ. ಇಸಬ್‌ಗೋಲ್, ಬೀಟಾ-ಗ್ಲುಕಾನ್‌ನಂಥ ಲೋಳೆಯ ನಾರು ಕರುಳಿನಲ್ಲಿ ಆಹಾರವನ್ನು ಮಂದ ಮಾಡುತ್ತದೆ, ಸಕ್ಕರೆ ನಿಧಾನವಾಗಿ ರಕ್ತ ಸೇರುತ್ತದೆ. ಬಿದಿರಿನ ನಾರು, ಸೆಲ್ಯುಲೋಸ್‌ನಿಂದ ಆ ಪರಿಣಾಮ ಹೆಚ್ಚೇನೂ ಸಿಗುವುದಿಲ್ಲ. ಪಿಷ್ಟದ ಬದಲು ಅವು ಕೂತಷ್ಟು ಮಾತ್ರ ಪಿಷ್ಟ ಕಡಿಮೆಯಾಗುತ್ತದೆ ಅಷ್ಟೇ. ಸಕ್ಕರೆ ಕಾಯಿಲೆಯೂ ಇದ್ದರೆ ನಾರಿನ ಅಂಕಿಗಿಂತ ಪದಾರ್ಥಗಳ ಪಟ್ಟಿಯಲ್ಲಿ ಯಾವ ನಾರು ಬರೆದಿದ್ದಾರೆ ಅನ್ನುವುದನ್ನು ನೋಡಿ.

ಗ್ಯಾಸಿನ ಮಾತೂ ಆಡಲೇಬೇಕು. ಬ್ಯಾಕ್ಟೀರಿಯಾಗಳಿಗೆ ಇಷ್ಟವಾದ ನಾರು ಅಂದರೆ ಗ್ಯಾಸ್ ಬಿಡುವ ನಾರು ಅಂತಲೇ ಅರ್ಥ. ಇನುಲಿನ್ ಇದರಲ್ಲಿ ಮೊದಲ ಸಾಲಿನದ್ದು. ಕಿರಿಕಿರಿ ಕರುಳಿನ ತೊಂದರೆ ಇರುವವರಿಗೆ ಸ್ವಲ್ಪ ಪ್ರಮಾಣವೂ ಹೊಟ್ಟೆ ಉಬ್ಬಿಸಬಹುದು. ಅವರಿಗೆ ಇಸಬ್‌ಗೋಲ್ ಮೇಲು, ಅದು ನಿಧಾನವಾಗಿ, ಸ್ವಲ್ಪವೇ ಹುದುಗುತ್ತದೆ. ಹೊಸದಾಗಿ ಸೀಲಿಯಾಕ್ ಗೊತ್ತಾದವರ ಕರುಳು ಇನ್ನೂ ವಾಸಿಯಾಗುತ್ತಿರುತ್ತದೆ. ಅವರು ಒಮ್ಮೆಲೇ ಹೆಚ್ಚು ನಾರಿನ ಬ್ರೆಡ್ಡಿಗೆ ಹಾರಬಾರದು. ಮೊದಲು ಒಂದು ಹೋಳು, ಹೊಟ್ಟೆ ಒಗ್ಗಿದ ಮೇಲೆ ಎರಡು, ವೈದ್ಯರ ಅಥವಾ ಆಹಾರ ತಜ್ಞರ ಸಲಹೆಯಂತೆ. ಆಮೇಲೆ ನೀರು. ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಮಲಬದ್ಧತೆ ಕಡಿಮೆಯಾಗುವ ಬದಲು ಜಾಸ್ತಿಯೇ ಆಗಬಹುದು. ಇಸಬ್‌ಗೋಲ್ ಪುಡಿಯನ್ನು ಒಣದಾಗಿ ಬಾಯಿಗೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ, ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಬ್ರೆಡ್ಡಿನಲ್ಲಿ ಬೆರೆತಾಗ ಅದು ಆಗಲೇ ನೀರು ಕುಡಿದಿರುವುದರಿಂದ ಆ ಭಯ ಇಲ್ಲ.